ದಿನಕ್ಕೆ ಒಂದೇ ಸುತ್ತು

ನಿಮ್ಮಲ್ಲಿ ದೊಡ್ಡವಳು ಭಾನುವಾರಗಳಲ್ಲಿ ಆದೋನಿಯ ಕಣ್ಣಿನ ಶಿಬಿರಕ್ಕೆ ಹೋಗಿ, ಮುದುಕರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿ, ಅವರ ಚೀಟಿ ಓದಿ ಹೇಳಿ ಬರುತ್ತಾಳೆ. ಹೋದ ವಾರ ಬಂದವಳು ಕಾಲು ತೊಳೆಯುವ ಮುಂಚೆಯೇ ಕೇಳಿದಳು: "ಅಜ್ಜಿ, ನೀನೂ ಡಾಕ್ಟರಾಗಬೇಕು ಅಂತಿದ್ದಿಯಂತಲ್ಲ. ಯಾಕ ಆಗಲಿಲ್ಲ?" ಉಳಿದವರೂ ಸುತ್ತ ಬಂದು ನಿಂತಿರಿ. ನಾಲ್ಕು ಜನ ಮುಖ ನೋಡುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ. ಆ ನಾಲ್ವರು ಸ್ವಂತ ಮೊಮ್ಮಕ್ಕಳಾದರೂ ಅಷ್ಟೇ. "ಆಗಲಿಲ್ಲ ನೋಡು," ಎಂದು ಎದ್ದು ಹೋದೆ. ಬರೆಯುವಾಗ ಯಾರೂ ನೋಡುತ್ತಿರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನಗಾಗ ಹದಿನಾಲ್ಕು ತುಂಬಿತ್ತು. ಹೊರದೇಶದಲ್ಲಿ ದೊಡ್ಡ ಯುದ್ಧ ನಡೆದಿತ್ತು. ನಮ್ಮೂರಿಗೆ ಅದು ತಿಳಿದದ್ದು ಸೀಮೆಎಣ್ಣೆ ಸಿಗದೆ ಹೋದಾಗ. ಪೆದ್ದಹರಿವಾಣಂ ದಾಟಿ ಒಂದು ಹರದಾರಿ ನಡೆದರೆ ನಮ್ಮೂರು. ಅಪ್ಪ ಬಡಗಿ. ಸುತ್ತಲಿನ ಬಂಡಿಗಳ ಗಾಲಿಗಳೆಲ್ಲ ಅವನ ಕೈಯವೇ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮನೆ ನಡೆಸುತ್ತಿದ್ದವಳು ಅಜ್ಜಿ, ಅಪ್ಪನ ತಾಯಿ. ಊರ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಮಾತ್ರ ಇತ್ತು. ಅದನ್ನು ಮುಗಿಸಿದ ಮೇಲೂ ನಾನು ದಿನಾ ಹೋಗಿ ಚಿಕ್ಕವರಿಗೆ ಅಕ್ಷರ ತಿದ್ದಿಸಿ ಬರುತ್ತಿದ್ದೆ.

ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ. ಅದಕ್ಕೆ ಹಗ್ಗವಿಲ್ಲ, ರಾಟೆಯಿಲ್ಲ. ಕಲ್ಲಿನ ಮೆಟ್ಟಿಲಿಳಿದು ಮೊಣಕಾಲುದ್ದ ನೀರಲ್ಲಿ ನಿಂತು ಕೊಡ ತುಂಬಿಕೊಳ್ಳಬೇಕು. ಬೇಸಿಗೆ ಬಂತೆಂದರೆ ಮನೆಗೊಬ್ಬರಿಗಾದರೂ ನಾರು ಏಳುತ್ತಿತ್ತು. ನೀವು ಅದನ್ನು ನೋಡಿಲ್ಲ. ಕಾಲಿನ ಮೇಲೆ ಒಂದು ಬೊಬ್ಬೆ ಎದ್ದು ಕೆಂಡ ಇಟ್ಟ ಹಾಗೆ ಉರಿಯುತ್ತದೆ. ನೀರಿಗಿಳಿದರೆ ಉರಿ ತಣ್ಣಗಾಗಿ ಬೊಬ್ಬೆ ಒಡೆಯುತ್ತದೆ. ಒಳಗಿನಿಂದ ಬಿಳಿ ಹೊಲಿಗೆದಾರದಂಥದ್ದು ತುದಿ ತೋರಿಸುತ್ತದೆ. ಅದು ಹುಳ. ಬಿಚ್ಚಿದರೆ ಎರಡು ಮೊಳ ಬರುವುದೂ ಉಂಟು. ನೆಗಡಿ ಬಂತು ಅನ್ನುವ ಹಾಗೆ ನಮ್ಮಲ್ಲಿ "ನಾರು ಎದ್ದೈತಿ" ಅನ್ನುತ್ತಿದ್ದರು. ಅನ್ನುವುದೇನೋ ಸುಲಭ. ಆದರೆ ಅದು ಎದ್ದವರು ತಿಂಗಳುಗಟ್ಟಲೆ ಹೊರಸಿನ ಮೇಲೆ ಮಲಗಿರುತ್ತಿದ್ದರು. ಕೆಲವರು ಎದ್ದ ಮೇಲೆ ಕುಂಟರಾಗಿರುತ್ತಿದ್ದರು.

ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ಆದೋನಿಯಿಂದ ಒಬ್ಬ ಡಾಕ್ಟರಮ್ಮ ಬಂಡಿಯಲ್ಲಿ ಬಂದರು. ಕೆಳಗಿನ ತೆಲುಗು ಸೀಮೆಯವರು. ಕನ್ನಡ, ತೆಲುಗು ಎರಡನ್ನೂ ಒಂದೇ ಕೊಡದಲ್ಲಿ ಕಲಸಿ ಮಾತಾಡುವರು. ಶಾಲೆಗೆ ಬಂದವರು ಮೇಷ್ಟರು ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ.

"ನಾರು ಎದ್ದಿದ್ದೋರು ಕೈ ಎತ್ತಿ."

ಹೆಚ್ಚುಕಡಿಮೆ ಎಲ್ಲರ ಕೈಗಳೂ ಎದ್ದವು.

"ಅದು ಹೊರಗೆ ಬರೋವಾಗ ಕಣ್ಣು ಬಿಟ್ಟು ನೋಡಿದೋರು?"

ಕೈಗಳು ಇಳಿದವು. ನನ್ನದು ಉಳಿಯಿತು. ಧೈರ್ಯದಿಂದಲ್ಲ, ಇಳಿಸುವುದನ್ನು ಮರೆತಿದ್ದೆ. ಹಿಂದಿನ ಬೇಸಿಗೆ ನನ್ನ ಹಿಮ್ಮಡಿಯ ಮೇಲೆ ಎದ್ದಿತ್ತು. ಬೇರೆ ಕೆಲಸವಿಲ್ಲದೆ ನೋಡುತ್ತ ಕೂತಿದ್ದೆ.

"ಏನು ನೋಡಿದಿ, ತಲ್ಲೀ?"

ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ. ಅಷ್ಟು ಪ್ರೀತಿಯಿಂದ ಕೇಳಿದರೂ ಬಾಯಿಂದ ಮಾತು ಬರಲಿಲ್ಲ. ಪಕ್ಕದವನ ಹಲಗೆ ಇಸಿದುಕೊಂಡು ಬರೆದೆ: 'ತುದಿ ಅಲುಗಾಡುತ್ತದೆ. ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ.' ಡಾಕ್ಟರಮ್ಮ ಓದಿ ಜೋರಾಗಿ ನಕ್ಕರು. "ನನಗೂ ಮೊದಲು ತಿಳೀಲಿಲ್ಲ," ಎಂದರು. ಅವತ್ತೇ ಸಂಜೆ ನಮ್ಮ ಮನೆಗೆ ಬಂದು, ಊರಿಗೊಬ್ಬ ವಾಲಂಟೀರು ಬೇಕು, ನಿಮ್ಮ ಮಗಳನ್ನು ಕಳಿಸಿ ಎಂದು ಅಪ್ಪನನ್ನು ಕೇಳಿದರು.

ಅಪ್ಪ ಉಳಿ ಕೆಳಗಿಟ್ಟ. "ವಾಲಂಟೀರು ಅಂದ್ರ ಝಂಡಾ ಹಿಡಿದು ಹೋಗಿ ಪೊಲೀಸರ ಕೈಲಿ ಲಾಠಿ ತಿನ್ನೋರು ಅಲ್ಲೇನ್ರಿ?"

"ಇಲ್ಲಪ್ಪಾ. ಬಾವಿ ಮೆಟ್ಟಿಲ ಮ್ಯಾಲೆ ನಿಲ್ಲಬೇಕು. ಹುಣ್ಣಿದ್ದೋರನ್ನ ನೀರಿಗೆ ಇಳಿಯೋಕೆ ಬಿಡಬಾರದು. ಅಷ್ಟೇ."

ಒಳಗಿನಿಂದ ಅಜ್ಜಿ ನಕ್ಕಳು. "ಈಕಿ? ಇಳೀಬ್ಯಾಡ್ರಿ ಅನ್ನಾಕ? ಈಕಿ ಹಾಲು ಕುಡಿಯೋ ಬೆಕ್ಕಿಗೆ ಹಚಾ ಅನ್ನಾಕೂ ನಾಚತಾಳ್ರಿ!"

ಅಜ್ಜಿ ಹೇಳಿದ್ದು ನಿಜವಾಯಿತು. ಮೊದಲ ದಿನ ಮೆಟ್ಟಿಲ ಮೇಲೆ ನಿಂತೆ. ಹುಣ್ಣಿನ ಕಾಲುಗಳು ನನ್ನ ಪಕ್ಕದಲ್ಲೇ ಇಳಿದುಹೋದವು. ಎರಡನೆಯ ದಿನ ಒಂದು ಉಪಾಯ ತೋಚಿತು. ಏನೂ ಹೇಳದೆ ಅವರ ಕೈಯಿಂದ ಕೊಡ ತೆಗೆದುಕೊಂಡು, ನಾನೇ ಇಳಿದು ತುಂಬಿ ತಂದುಕೊಟ್ಟೆ. ಯಾರೂ ಬೇಡ ಎನ್ನಲಿಲ್ಲ. ವಾರ ಕಳೆಯುವುದರಲ್ಲಿ ಕಾಲು ನೆಟ್ಟಗಿದ್ದವರೂ "ನನಗೂ ಒಳಗ ಏಳಾಕ ಹತ್ತೈತಿ ತಂಗಿ" ಎಂದು ಕೊಡ ನೀಡತೊಡಗಿದರು. ನನ್ನ ಸೊಂಟ ಹೋಯಿತು. ಆದರೆ ಹುಣ್ಣಿನ ಕಾಲು ನೀರಿಗಿಳಿಯುವುದು ನಿಂತಿತು.

ಆ ನೀರಲ್ಲಿ ಏನಿದೆ ಎಂದು ನಾನು ನೋಡಿದ್ದು ಅದರ ಮುಂದಿನ ಮಂಗಳವಾರ, ಡಾಕ್ಟರಮ್ಮ ಮತ್ತೆ ಬಂದಾಗ. ಬಾವಿಯ ಹತ್ತಿರದ ಗುಡಿಸಲಲ್ಲಿ ಒಬ್ಬ ಕುರಿಗಾರ ಮಲಗಿದ್ದ. ನಾರು ಎದ್ದದ್ದು ಮೊಣಕಾಲಿನ ಒಳಮಗ್ಗುಲಲ್ಲಿ, ಮಡಚುವ ಜಾಗದ ಪಕ್ಕದಲ್ಲೇ. ಡಾಕ್ಟರಮ್ಮ ಹುಣ್ಣಿನ ಮೇಲೆ ತಣ್ಣೀರು ಹಾಕಿದರು. ಎರಡು ಗಳಿಗೆಯಲ್ಲಿ ಹಾಲಿನಂಥ ಒಂದು ಹನಿ ಬಂತು. ಅದನ್ನು ಗಾಜಿನ ಚೂರಿನ ಮೇಲೆ ಹಿಡಿದು, ಬಿಸಿಲಿಗೆ ತಂದು, ಒಂದು ಹಿತ್ತಾಳೆ ಕಟ್ಟಿನ ಭೂತಗನ್ನಡಿ ನನ್ನ ಕಣ್ಣಿಗಿಟ್ಟರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಹನಿಯ ತುಂಬ ಕೂದಲಿಗಿಂತ ಸಣ್ಣವು, ಲೆಕ್ಕವಿಲ್ಲದಷ್ಟು, ಬಾಗುತ್ತ ಬಿಚ್ಚುತ್ತ.

"ಮರಿಗಳು," ಎಂದರು. ಆಮೇಲೆ ಬಾವಿಯ ನೀರನ್ನು ಒಂದು ಗಾಜಿನ ಲೋಟದಲ್ಲಿ ತಂದು ಬಿಸಿಲಿಗೆ ಹಿಡಿದರು. ಎಳ್ಳಿಗಿಂತ ಸಣ್ಣ ಚುಕ್ಕಿಗಳು ಅದರಲ್ಲಿ ಕುಪ್ಪಳಿಸುತ್ತಿದ್ದವು. ಹುಟ್ಟಿದಾಗಿನಿಂದ ಕುಡಿದ ನೀರು, ಒಂದು ದಿನವೂ ನಾನು ಅದನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ. "ಇವು ನೀರಿನ ಚಿಗಟ. ಆ ಮರಿಗಳನ್ನ ಇವು ತಿಂತವೆ. ಇವನ್ನ ನಾವು ಕುಡಿತೀವಿ. ನಮ್ಮ ಮೈಯೊಳಗೆ ಒಂದು ವರ್ಷ ಬೆಳೆದು ಕಾಲಿಗೆ ಬರ್ತದೆ."

ಒಂದು ವರ್ಷ! ನನಗೆ ನಾಚಿಕೆ ಮರೆತುಹೋಯಿತು. "ಹಂಗಾರ ಈಗ ಎದ್ದಿದ್ದು ಹೋದ ಬ್ಯಾಸಗಿ ನೀರಿಂದೇನ್ರಿ? ಅದು ಹೆಂಗ ಗೊತ್ತಾತ್ರಿ ನಿಮಗ?"

"ಯಾರೋ ಒಬ್ಬರು ಕೂತು, ಕೇಳಿ, ಬರೆದು, ಕಾದು ಕಂಡುಹಿಡಿದರು."

ಡಾಕ್ಟರೆಂದರೆ ಮದ್ದು ಕೊಡುವವರು ಎಂದುಕೊಂಡಿದ್ದೆ. ಕೂತು, ಕೇಳಿ, ಕಾಯುವುದು ಕೂಡ ಅವರ ಕೆಲಸವೆಂದು ತಿಳಿದಿರಲಿಲ್ಲ. ಆ ಕೆಲಸವಾದರೆ ನನಗೆ ಬರುತ್ತದೆ ಅನ್ನಿಸಿತು. ಮೊಮ್ಮಗಳೇ, ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಇದು. ಅವತ್ತು ಸಂಜೆ ಹಲಗೆಯ ಮೇಲೆ ಬರೆದು ತೋರಿಸಿದೆ: 'ನಾನು ಡಾಕ್ಟರಾಗಬೇಕಾದರೆ ಏನು ಮಾಡಬೇಕು?'

ಡಾಕ್ಟರಮ್ಮ ಈ ಸಲ ನಗಲಿಲ್ಲ. ಬಳ್ಳಾರಿಯಲ್ಲಿ ಹೆಣ್ಣುಮಕ್ಕಳ ಶಾಲೆಯಿದೆ, ಹಾಸ್ಟೆಲಿದೆ, ತಾವು ಕಾಗದ ಕೊಟ್ಟರೆ ಸೇರಿಸಿಕೊಳ್ಳುತ್ತಾರೆ, ಅಲ್ಲಿಂದ ಎಂಟು ಹತ್ತು ವರ್ಷದ ದಾರಿ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಅಪ್ಪ ಗಾಲಿಯ ಕೀಲನ್ನು ಬೆರಳಿನಿಂದ ಒತ್ತಿ ನೋಡಿದ.

"ಈಕಿ ಯಾವ ಕೆಲಸಾನೂ ಇನ್ನೂ ಮುಗಿಸಿ ತೋರಿಸಿಲ್ರಿ. ಒಂದು ಮುಗಿಸಲಿ. ಆ ಕುರಿಗಾರ ಅದಾನಲ್ಲ, ಅವನ ನಾರು ಈಕಿನ ತೆಗೀಲಿ. ಮಿರಗದ ಮಳಿಗೆ ಅವ ತನ್ನ ಕಾಲ ಮ್ಯಾಲ ಹಿಂಡಿನ ಹಿಂದ ಹೊಂಟ್ರ, ಈಕಿ ಬಳ್ಳಾರಿಗೆ ಹೋಗಲಿ. ಇಲ್ಲಾಂದ್ರ ಮನ್ಯಾಗಿರಲಿ, ಗಂಡು ನೋಡತೀನಿ."

ಮಿರಗದ, ಅಂದರೆ ಮೃಗಶಿರ ನಕ್ಷತ್ರದ, ಮಳೆ ಬಿದ್ದು ಬಿತ್ತನೆಯಾದರೆ ಊರ ಹೊಲಗಳಲ್ಲಿ ಕುರಿ ಬಿಡುವಂತಿಲ್ಲ. ಹಿಂಡು ಮಾಧವರಂ ಕಡೆಗೆ, ಹೊಳೆದಂಡೆಯ ಕುರುಚಲಿಗೆ ಹೋಗಲೇಬೇಕು. ಅಪ್ಪನ ಕರಾರಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಸಾಕಷ್ಟು ಅನ್ನಿಸಿತು.

ನಾರು ತೆಗೆಯುವ ಕ್ರಮ ಹೀಗೆ. ಬೆಳಿಗ್ಗೆ ಹುಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿ ನೆನೆಯಲು ಬಿಡಬೇಕು. ಹಿಂಡಿದ ನೀರನ್ನು ಬಾವಿಯಿಂದ ದೂರ, ಬೂದಿಗುಂಡಿಗೆ ಚೆಲ್ಲಬೇಕು. ಹೊರಗೆ ಬಂದ ತುದಿಯನ್ನು ಒಂದು ಬಿದಿರು ಕಡ್ಡಿಗೆ ಸುತ್ತಬೇಕು. ಸಿಬಿರು ಇರಬಾರದೆಂದು ಅಪ್ಪ ಅದನ್ನು ಗಾಜಿನ ಚೂರಿನಿಂದ ಹೆರೆದು ಕೊಟ್ಟಿದ್ದ. ಮೆಲ್ಲನೆ ತಿರುಗಿಸುತ್ತ ಹೋದರೆ ನಾರು ಬರುತ್ತದೆ. ಒಂದು ಸುತ್ತಿನ ಹೊತ್ತಿಗೆ ಒಳಗಿನಿಂದ ಬಿಗಿ ಹಿಡಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಕಡ್ಡಿಯನ್ನು ಕಾಲಿಗೇ ಮಲಗಿಸಿ ಬೇವಿನೆಣ್ಣೆಯ ಬಟ್ಟೆ ಕಟ್ಟಿ ಬರಬೇಕು. ಮಾರನೆಯ ದಿನ ಮತ್ತೊಂದು ಸುತ್ತು. ಎಳೆದರೆ ಹರಿಯುತ್ತದೆ, ಹರಿದ ತುಂಡು ಒಳಗೆ ಸತ್ತು ಕೀವಾಗುತ್ತದೆ, ಕೀಲು ಹಿಡಿದುಕೊಳ್ಳುತ್ತದೆ. "ಮೆಲ್ಲಗಾ, ಮೆಲ್ಲಗಾ," ಎಂದು ಡಾಕ್ಟರಮ್ಮ ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಆ ಬಿಗಿಯನ್ನು ತೋರಿಸಿಕೊಟ್ಟರು. "ನಿನ್ನ ಅವಸರ ಅದಕ್ಕೆ ಗೊತ್ತಿಲ್ಲ."

ಕುರಿಗಾರ ದೊಡ್ಡ ಬಾಯಿಯವನು. ಮೊದಲ ದಿನ ಹೊರಸು ಹಿಡಿದು ಕೂಗಿದ: "ಏ, ನನ್ನ ನರಾನ ಜಗ್ಗಾಕ ಹತ್ಯಾಳಲೇ ಈ ಕೂಸು! ಕಾಲು ಖಾಲಿ ಆದ್ರ ಕುರಿ ನಿಮ್ಮಪ್ಪ ಕಾಯತಾನೇನು?" ಅವನ ಹೆಂಡತಿ ಬಾಗಿಲಲ್ಲಿ ಕುರಿಹಾಲು ಕಾಸುತ್ತ, "ನರ ಇದ್ರಲ್ಲ ಖಾಲಿ ಆಗಾಕ, ಇರೋದೆಲ್ಲ ನಾಲಿಗೇನ," ಎಂದಳು. ನಾಲ್ಕು ದಿನಕ್ಕೆ ಅವನಿಗೆ ರೂಢಿಯಾಯಿತು. ನಾನು ಬಾಗಿಲಿಗೆ ಬಂದರೆ "ಬಂದ್ರು ನೋಡು ಮೂಗ ಡಾಕ್ಟ್ರು" ಎಂದು ತಾನೇ ಕಾಲು ಚಾಚುತ್ತಿದ್ದ. ಮುಗಿದ ಮೇಲೆ ದಿನಾ "ಆಯ್ತೇನು?" ಎಂದು ಕೇಳುವನು, ನಾನು ತಲೆಯಾಡಿಸುವೆ. ಮನೆಗೆ ಬಂದರೆ ಅಜ್ಜಿ ಹಿತ್ತಲಲ್ಲೇ ನಿಲ್ಲಿಸಿ ನನ್ನ ತಲೆಗೆ ನೀರು ಸುರಿದು ಒಳಗೆ ಬಿಡುವಳು. ಕಡ್ಡಿ ದಿನದಿಂದ ದಿನಕ್ಕೆ ದಪ್ಪವಾಯಿತು. ಒಂದು ಮೊಳ ದಾಟಿತು.

ವೈಶಾಖದ ಅಮಾವಾಸ್ಯೆ ಬಂತು. ಬಡಗಿಗಳ ಮನೆಯಲ್ಲಿ ಅಮಾವಾಸ್ಯೆಯ ದಿನ ಯಾರೂ ಹತ್ಯಾರು ಮುಟ್ಟುವುದಿಲ್ಲ. ಉಳಿ, ಬಾಚಿ, ಗರಗಸ ಎಲ್ಲ ತೊಳೆದು ವಿಭೂತಿ ಹಚ್ಚಿ ಮಣೆಯ ಮೇಲಿಡುತ್ತೇವೆ. ನಾನು ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಆ ಕಡ್ಡಿ ಯಾರು ಮಾಡಿದ್ದು?"

"ಅಪ್ಪ."

"ಹಂಗಾರ ಅದೂ ಹತ್ಯಾರನ. ಇವತ್ತು ತಿರುವಬ್ಯಾಡ."

ನಾನು ನಿಂತುಬಿಟ್ಟೆ. ಒಂದು ದಿನ ಬಿಟ್ಟರೆ ಹುಳಕ್ಕೇನೂ ಆಗುವುದಿಲ್ಲವೆಂದು ಈಗ ಗೊತ್ತಿದೆ. ತಪ್ಪಾದದ್ದು ಮರುದಿನ. ನಮ್ಮ ಮನೆಯ ಇನ್ನೊಂದು ರೂಢಿಯೆಂದರೆ, ಅಮಾವಾಸ್ಯೆಗೆ ನಿಂತ ಕೆಲಸವನ್ನು ಪಾಡ್ಯದ ದಿನ ಕೂಡಿಸಿ ಮುಗಿಸುವುದು. ಅಪ್ಪ ಬೆಳಗಾಗುತ್ತಲೇ ಕೂತು ಎರಡು ದಿನದ ಕೆಲಸ ತೆಗೆಯುತ್ತಿದ್ದ. ಹುಟ್ಟಿದಾಗಿನಿಂದ ಅದನ್ನೇ ನೋಡಿದ್ದೆ. ಮಿರಗಕ್ಕೆ ದಿನಗಳು ಕಡಿಮೆ ಉಳಿದಿದ್ದವು. ಒಂದು ಸುತ್ತು ಹಾಕಿದೆ. ಸರಾಗವಾಗಿ ಬಂತು. ಬಿಗಿ ಹಿಡಿಯಿತು. ನಿನ್ನೆಯದು ಉಳಿದಿದೆಯಲ್ಲ ಎಂದುಕೊಂಡು ಇನ್ನೊಂದು ತಿರುವಿದೆ.

ಸದ್ದೇನೂ ಆಗಲಿಲ್ಲ. ಬೆರಳಿಗೆ ಇದ್ದ ಬಿಗಿ ಇಲ್ಲವಾಯಿತು, ಅಷ್ಟೇ. ಹರಿದ ತುದಿ ಕಡ್ಡಿಯ ಮೇಲೆ ಸುರುಳಿಯಾಯಿತು. ಒಳಗಿನದು ಕಣ್ಣೆದುರೇ ಹುಣ್ಣಿನೊಳಕ್ಕೆ ಜಾರಿತು.

ಕುರಿಗಾರ ನಾಯಿಯ ಕಿವಿಯಿಂದ ಉಣ್ಣೆಹುಳ ಕೀಳುತ್ತಿದ್ದ, ನೋಡಿರಲಿಲ್ಲ. "ಆಯ್ತೇನು?" ಎಂದ.

ನಾನು ತಲೆಯಾಡಿಸಬಹುದಿತ್ತು. ಅದರ ಬದಲು ಬಾಯಿ ಬಿಟ್ಟು ಹೇಳಿದೆ: "ಆಯ್ತು. ಪೂರ್ತಿ ಬಂತು."

"ಅಬ್ಬಾ, ಮೂಗ ಡಾಕ್ಟ್ರು ಮಾತಾಡಿದ್ರು!" ಎಂದು ಹೆಂಡತಿಯನ್ನು ಕರೆದು ಕಡ್ಡಿ ತೋರಿಸಿದ. ಆಕೆ ಒಂದು ಬಟ್ಟಲು ಹಾಲು ಕೊಟ್ಟಳು. ಕುಡಿದೆ. ಇಷ್ಟು ವರ್ಷವಾದರೂ ನನಗೆ ಕುರಿಹಾಲು ಸೇರುವುದಿಲ್ಲ. ಯಾಕೆಂದು ನೀವು ಒಮ್ಮೆ ಕೇಳಿದ್ದಿರಿ.

ಎರಡು ದಿನ ಅತ್ತ ಹೋಗಲಿಲ್ಲ. ಮಂಗಳವಾರ ಡಾಕ್ಟರಮ್ಮ ಬಂದಾಗ ಹೋಗಲೇಬೇಕಾಯಿತು. ಅಪ್ಪನೂ ಅಲ್ಲಿದ್ದ. ಮೆಟ್ಟಿಲಿಗೆ ಅಡ್ಡ ಕಲ್ಲು ಕಟ್ಟಿ ಬಾವಿಗೆ ರಾಟೆ ಹಾಕಿಸಬೇಕೆಂದು ಡಾಕ್ಟರಮ್ಮ ಊರ ಹಿರಿಯರನ್ನು ಒಪ್ಪಿಸಿದ್ದರು; ತೊಲೆಯ ಅಳತೆಗೆ ಬಂದವನು ಗುಡಿಸಲ ಮುಂದೆ ನಿಂತಿದ್ದ. ಕುರಿಗಾರನ ಮೊಣಕಾಲು ಸೋರೆಕಾಯಿಯಾಗಿತ್ತು. ಮೈ ಸುಡುತ್ತಿತ್ತು.

"ನಾರು ಪೂರ್ತಿ ಬಂತಾ?" ಡಾಕ್ಟರಮ್ಮ ಕೇಳಿದ್ದು ಅವನನ್ನು.

"ಪೂರ್ತಿ ಬಂತ್ರಿ. ಈ ಕೂಸು ಭಾಳ ಚಲೋ ತೆಗೀತ್ರಿ. ಇದು ಬ್ಯಾರೆ ಏನೋ ಬಾವು. ಕೂಸಿಗೆ ಏನೂ ಅನಬ್ಯಾಡ್ರಿ."

ನಾನು ಹೇಳದಿದ್ದರೆ ಬೇರೆ ಬಾವು ಎಂದೇ ಅವರು ಮದ್ದು ಮಾಡುತ್ತಿದ್ದರು. ಮಿರಗದ ಮಾತು ಬಂದರೆ, ನಾರು ತೆಗೆದದ್ದಂತೂ ಹೌದಲ್ಲ ಎಂದು ಅಪ್ಪನ ಮುಂದೆ ವಾದಿಸಲೂ ಬಹುದಿತ್ತು. ಇದೆಲ್ಲ ಆ ಗಳಿಗೆಯಲ್ಲಿ ನನ್ನ ತಲೆಗೆ ಬಂತು; ಬರಲಿಲ್ಲವೆಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಅವನ ಹೊಗಳಿಕೆ ಮಾತ್ರ ತಡೆಯಲಾಗಲಿಲ್ಲ.

"ಪೂರ್ತಿ ಬರಲಿಲ್ರಿ," ಎಂದೆ. "ಹರೀತು. ಅಮಾಸಿ ದಿನ ಬಿಟ್ಟಿದ್ನಿ, ಮರುದಿನ ಎರಡು ಸುತ್ತು ಹಾಕಿದ್ನಿ."

ಕುರಿಗಾರ ನನ್ನತ್ತ ಹೊರಳಿದ. "ಆಯ್ತು ಅಂದಿದ್ದಿಯಲ್ಲವ್ವಾ," ಎಂದ. ಬೈಯಲಿಲ್ಲ. ಅಷ್ಟೇ ಅಂದ.

ಡಾಕ್ಟರಮ್ಮ ನನ್ನನ್ನು ಸಮಾಧಾನ ಮಾಡಲಿಲ್ಲ, ಗದರಲೂ ಇಲ್ಲ. ಒಂದಾದ ಮೇಲೊಂದು ಕೇಳಿದರು. ಎಷ್ಟು ಹೊತ್ತಿಗೆ? ಎಷ್ಟು ಹೊತ್ತು ನೆನೆಸಿದ್ದೆ? ಎಷ್ಟು ಉದ್ದ ಕಡ್ಡಿಗೆ ಬಂದಿತ್ತು? ಹರಿದ ತುದಿ ಯಾವ ಕಡೆಗೆ ಜಾರಿತು, ಮೇಲಕ್ಕೋ ಕೆಳಕ್ಕೋ? ನಾನು ನೋಡಿದ್ದನ್ನೆಲ್ಲ ಹೇಳಿದೆ. ಜಾರಿದ ಕಡೆಯನ್ನು ಬೆರಳಿಟ್ಟು ತೋರಿಸಿದೆ. ನೀರು ಕುದಿಸಿ ಚಾಕು ಅದ್ದಿ, ನಾನು ತೋರಿಸಿದಲ್ಲೇ ಸೀಳಿದರು. ಕಾಲು ಹಿಡಿದವಳು ನಾನು. ಹೆಗಲು ಹಿಡಿದವನು ಅಪ್ಪ. ಕೀವಿನ ಜೊತೆ ನಾರಿನ ತುಂಡುಗಳು ಬಂದವು. ಕೆನ್ನೀಲಿ ಮದ್ದಿನ ನೀರಿನಲ್ಲಿ ತೊಳೆದು, ಬಟ್ಟೆ ತುರುಕಿ ಕಟ್ಟಿದ ಮೇಲೆ ನನಗೆ ಹೇಳಿದರು:

"ಕೀವು ನಿಂತ ಮ್ಯಾಲೆ ಮೊಣಕಾಲು ಬಿಗಿತದೆ. ದಿನಾ ಬಿಸಿನೀರಿನ ಶಾಖ ಕೊಟ್ಟು ಮಡಚಬೇಕು. ಅಳ್ತಾನೆ. ಅತ್ತರೂ ಮಡಚಬೇಕು. ಆದರೆ ಜಬರ್ದಸ್ತಿ ಮಾಡಬಾರದು. ಎಲ್ಲಿ ನಿಲ್ಲಿಸಬೇಕು ಅನ್ನೋದು ಈಗ ನಿನಗೆ ಗೊತ್ತು. ಮಾಡ್ತೀಯಾ?"

ಮಿರಗದ ಮಳೆ ಬಂದಾಗ ಅವನಿನ್ನೂ ಹೊರಸಿನ ಮೇಲಿದ್ದ. ಹೆಂಡತಿ ತನ್ನ ತಮ್ಮನ ಜೊತೆ ಹಿಂಡು ಹೊಡೆದುಕೊಂಡು ಮಾಧವರಂ ದಾರಿ ಹಿಡಿದಳು. ಗುಡಿಸಲಲ್ಲಿ ಅವನು, ಅವನ ಮುದಿ ತಾಯಿ, ಹಾಲಿಗೆಂದು ಬಿಟ್ಟುಹೋದ ಒಂದು ಕುರಿ. ಕರಾರು ಮುರಿದಿತ್ತು. ಅಪ್ಪ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ದಿನಾ ಬೆಳಿಗ್ಗೆ ಹೋಗಿ ಶಾಖ ಕೊಟ್ಟು ಮಡಚುತ್ತಿದ್ದೆ. ಎಷ್ಟು ಬಾಗಿತೆಂದು ಕಣ್ಣಳತೆಗೆ ತಿಳಿಯುತ್ತಿರಲಿಲ್ಲ. ಅಪ್ಪ ತೊಲೆಗೆ ಗುರುತು ಹಾಕುವ ಕೆಂಪು ದಾರದಲ್ಲಿ ಒಂದು ತುಂಡು ತಂದೆ. ಬೋರಲು ಮಲಗಿಸಿ, ಬಾಗಿದಷ್ಟು ಬಾಗಿಸಿ, ಹಿಮ್ಮಡಿಯಿಂದ ತೊಡೆಯ ಬುಡಕ್ಕೆ ದಾರ ಹಿಡಿದು ಗಂಟು ಹಾಕುವುದು. ನಾಲ್ಕು ದಿನಕ್ಕೊಮ್ಮೆ ಹೊಸ ಗಂಟು. ಗಂಟುಗಳು ದಾರದ ತುದಿಗೆ ಹತ್ತಿರವಾಗುತ್ತ ಬಂದವು. ಕುರಿಗಾರ ಮೊದಲು ಬೈದ, ಆಮೇಲೆ ಅತ್ತ, ಆಮೇಲೆ ಬೆಳಿಗ್ಗೆ ನಾನು ಹೋಗುವ ಮುಂಚೆಯೇ "ನಿನ್ನ ದಾರ ಮರೀಬ್ಯಾಡ" ಎಂದು ಹೊರಗಿನಿಂದಲೇ ಕೂಗುತ್ತಿದ್ದ. ಅಳತೆ ಒಂದು ಗೇಣಿಗೆ ಬಂದು ನಿಂತಿತು. ಎರಡು ವಾರ ಅಲ್ಲೇ ಇತ್ತು. ಗಂಟಿನ ಮೇಲೆ ಗಂಟು ಬಿತ್ತು.

ಆಗಲೇ ಡಾಕ್ಟರಮ್ಮ ಕಾಗದ ತಂದರು. ಶಾಲೆ ಆ ಬುಧವಾರ ತೆರೆಯುತ್ತದೆ, ತಮ್ಮ ಬಂಡಿಯಲ್ಲೇ ಆದೋನಿಗೆ ಕರೆದುಕೊಂಡು ಹೋಗಿ ರೈಲು ಹತ್ತಿಸುತ್ತೇನೆ ಎಂದರು. ಅಪ್ಪ ಏನನ್ನುತ್ತಾನೋ ಎಂದು ನೋಡಿದೆ.

"ಹೋಗು," ಎಂದ.

"ಅವ ಹಿಂಡಿನ ಹಿಂದ ಹೋಗಲಿಲ್ಲಲ್ಲಪ್ಪ."

"ಹೋಗಲಿಲ್ಲ. ಆದ್ರ ಅವತ್ತು ಅಷ್ಟು ಮಂದಿ ಮುಂದ ಬಾಯಿ ಬಿಟ್ಟಿ. ನಾ ಮಾಡಿದ ಮೊದಲ ಗಾಲಿ ಸೀಳಿದ್ದು ನನಗ ಗೊತ್ತಿತ್ತು, ಬಣ್ಣ ಹಚ್ಚಿ ಕೊಟ್ಟಿದ್ನಿ. ಆ ಬಂಡಿ ಹಳ್ಳದಾಗ ಬಿತ್ತು." ಅಷ್ಟು ಹೇಳಿ ಪೆಟ್ಟಿಗೆ ತರಲು ಒಳಗೆ ಹೋದ. ಅವನೇ ಮಾಡಿದ ಸಣ್ಣ ಪೆಟ್ಟಿಗೆ. ಯಾವಾಗ ಮಾಡಿದ್ದನೋ ನನಗೆ ಗೊತ್ತೇ ಇರಲಿಲ್ಲ.

ಬಂಡಿಯಲ್ಲಿ ಪೆಟ್ಟಿಗೆ ಇಟ್ಟ ಮೇಲೆ ಕೊನೆಯ ಸಲ ಮಡಚಿ ಬರುತ್ತೇನೆಂದು ಹೋದೆ. ಮುಂದೆ ಮಡಚಬೇಕಾದವಳು ಅವನ ತಾಯಿ. ನಾಲ್ಕು ದಿನದಿಂದ ಕಲಿಸಿದ್ದೆ. ಆಕೆ ಕಾಲು ಹಿಡಿದಳು. ಮಗ "ಅಯ್ಯೋ" ಎಂದ ಕೂಡಲೇ ಬಿಟ್ಟು ಅವನ ತಲೆ ಸವರಿದಳು. ಮತ್ತೆ ಹಿಡಿದಳು, ಮತ್ತೆ ಬಿಟ್ಟಳು. ದಾರ ಹಿಡಿದು ನೋಡಿದೆ. ಗೇಣಿನ ಮೇಲೆ ಎರಡು ಬೆರಳು. ಹಿಂದಕ್ಕೆ ಹೋಗಿತ್ತು.

ಹೊರಗೆ ಬಂದು ಡಾಕ್ಟರಮ್ಮನನ್ನು ಕೇಳಿದೆ. "ಈಗ ಬಿಟ್ರ ಏನಾಗತದ್ರಿ?"

"ಅಲ್ಲಿಗೇ ನಿಲ್ತದೆ. ಕುಂಟುತ್ತ ನಡಿತಾನೆ."

"ಕುಕ್ಕರಗಾಲಲ್ಲಿ ಕೂಡ್ರತಾನೇನ್ರಿ?"

"ಇಲ್ಲ," ಎಂದರು.

ಕುಕ್ಕರಗಾಲಲ್ಲಿ ಕೂರಲಾರದವನು ಕುರಿಯ ಹಾಲು ಕರೆಯಲಾರ, ಹೆರುವ ಕುರಿಯಿಂದ ಮರಿ ಹಿಡಿಯಲಾರ. ನಡೆದೇನು ಮಾಡುತ್ತಾನೆ? "ಇನ್ನ ಎಷ್ಟು ದಿನ ಮಡಚಬೇಕ್ರಿ?"

"ತಿಂಗಳಾದರೂ ಆಯ್ತು, ಎರಡಾದರೂ ಆಯ್ತು. ಅದು ಕಾಲು ಹೇಳಬೇಕು."

"ಶಾಲಿ?"

"ಶಾಲೆ ಕಾಯೋದಿಲ್ಲ, ತಲ್ಲೀ."

ಅಳಲಿಲ್ಲ ನಾನು. ಅವತ್ತು ನನಗೆ ಅದು ಲೆಕ್ಕದಷ್ಟು ಸರಳವಾಗಿ ಕಂಡಿತು, ಯಾಕೆಂದು ಈಗಲೂ ಗೊತ್ತಿಲ್ಲ. ಬಂಡಿ ಹತ್ತಿ ಪೆಟ್ಟಿಗೆ ಇಳಿಸಿಕೊಂಡೆ. ಅಪ್ಪ ಬಂದು ಪೆಟ್ಟಿಗೆಯ ಇನ್ನೊಂದು ಕಡೆ ಹಿಡಿದ. ಡಾಕ್ಟರಮ್ಮ ಕಾಗದ ಮಡಚಿ ನನ್ನ ಕೈಗಿಟ್ಟು, "ಮುಂದಿನ ವರ್ಷ ಇದನ್ನೇ ತೋರಿಸು," ಎಂದರು. ಭೂತಗನ್ನಡಿಯನ್ನೂ ಕೊಟ್ಟರು. ಮುಂದಿನ ಬೇಸಿಗೆಗೆ ಅವರಿಗೆ ವರ್ಗವಾಯಿತು. ಅಷ್ಟರಲ್ಲಿ ನನ್ನ ಮದುವೆ ಹಾಲಹರವಿಗೆ ಆಗಿತ್ತು. ನಿಮ್ಮ ಅಜ್ಜನಿಗೆ ಹೇಳಿದ್ದರೆ ಕಳಿಸುತ್ತಿದ್ದರೇನೋ. ನಾನು ಹೇಳಲಿಲ್ಲ, ಅವರಿಗೆ ತಿಳಿಯುವ ದಾರಿಯಿರಲಿಲ್ಲ. ನೀನು ಕೇಳಿದ್ದಕ್ಕೆ ಉಳಿದ ಅರ್ಧ ಉತ್ತರ ಅದು. ನಾಚಿಕೆಯಿಂದ ನಾನು ಕಳೆದುಕೊಂಡದ್ದು ಅಲ್ಲಿ, ಬಂಡಿಯ ಹತ್ತಿರ ಅಲ್ಲ.

ಆದರೆ ನಾನು ಹೇಳಲು ಕೂತದ್ದು ಆ ಕೆಲಸದ ಕಥೆ. ಅದು ಮುಗಿದದ್ದು ಶ್ರಾವಣದಲ್ಲಿ.

ಗಂಟುಗಳು ಮತ್ತೆ ಸರಿಯತೊಡಗಿದ್ದವು. ಗೇಣು ಹೋಗಿ ನಾಲ್ಕು ಬೆರಳಾಯಿತು, ಎರಡಾಯಿತು. ಬಾವಿಯ ಮೇಲೆ ಅಪ್ಪನ ರಾಟೆ ಕಿರುಗುಟ್ಟಲು ಶುರುವಾಗಿತ್ತು. ಮೆಟ್ಟಿಲುಗಳಿಗೆ ಅಡ್ಡ ಗೋಡೆ ಎದ್ದಿತ್ತು. ಒಂದು ಬೆಳಿಗ್ಗೆ ನಾನು ದಾರ ಹಿಡಿದು ಹೋದರೆ ಹೊರಸಿನ ಮೇಲೆ ಅವನಿಲ್ಲ. ಗುಡಿಸಲ ಹಿಂದೆ ತಂಬಿಗೆಗೆ ಹಾಲು ಬೀಳುವ ಸದ್ದು. ಹೋಗಿ ನೋಡಿದೆ. ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಕುರಿ ಕರೆಯುತ್ತಿದ್ದ.

"ಅಳತಿ ಮಾಡು, ಮಾಡು," ಎಂದ, ತಿರುಗದೆ. "ನಿನ್ನ ದಾರಕ್ಕ ಇವತ್ತು ಜಾಗ ಸಿಗತೈತೇನು ನೋಡು."

ಕೂತು ಹಿಮ್ಮಡಿಗೂ ತೊಡೆಗೂ ನಡುವೆ ದಾರ ತೂರಿಸಲು ನೋಡಿದೆ. ಹೋಗಲಿಲ್ಲ.

"ಆಯ್ತೇನು?" ಎಂದ.

ಏಳು ಎಂದು ಕೈ ಮಾಡಿದೆ. ನೆಲಕ್ಕೆ ಕೈಯೂರದೆ ಎದ್ದ. ಕೂಡು ಎಂದೆ. ಕೂತ. ಮತ್ತೊಮ್ಮೆ ಏಳಿಸಿದೆ, ಮತ್ತೊಮ್ಮೆ ಕೂರಿಸಿದೆ. ಸೀಳಿದ ಗಾಯದ ಮೇಲೆ ಬೆರಳೊತ್ತಿ ನೋಡಿದೆ, ಅದರ ಮೇಲೆ, ಕೆಳಗೆ, ಹಿಂದೆ. ಮೊಣಕಾಲು ತಣ್ಣಗಿತ್ತು. ಕುರಿ ತಿರುಗಿ ನಮ್ಮಿಬ್ಬರನ್ನೂ ನೋಡಿತು.

"ಏ ಮೂಗ ಡಾಕ್ಟ್ರೇ, ಹಾಲು ಆರತೈತಿ. ಆಯ್ತೇನು ಹೇಳು."

"ಆಯ್ತು," ಎಂದೆ.